ಸೇವೆಗಾಗಿ ಓಡಿ ಹಣ ಕೂಡಿಸುವುದು ಪ್ರದರ್ಶನವೇ?

ಪ್ರಶ್ನೆ: ಆಸರೆ ಇಲ್ಲದ ಮಕ್ಕಳನ್ನು ನೋಡಿಕೊಳ್ಳುವ ಒಂದು ಕ್ರೈಸ್ತ ಸೇವಾ ಸಂಸ್ಥೆಗೆ ಹಣ ಕೂಡಿಸಿಕೊಡಬೇಕು ಅಂತ ನನಗೆ ಆಸೆ. ಒಂದು ಹಾಫ್ ಮ್ಯಾರಥಾನ್ ಓಡುತ್ತೇನೆ ಅಂತ ಹೇಳಿ ಪರಿಚಯದವರಿಂದ ದೇಣಿಗೆ ಕೇಳೋಣ ಅಂದುಕೊಂಡಿದ್ದೇನೆ. ಇದುವರೆಗೆ ಓಡಿ ಅಭ್ಯಾಸವಿಲ್ಲ. ಆದರೆ ಅದಕ್ಕಿಂತ ಬೇರೆ ವಿಷಯಗಳು ಜಾಸ್ತಿ ಕಾಡುತ್ತಿವೆ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಹೇಳಿದ್ದಾರೆ. ಹಾಗಿದ್ದ ಮೇಲೆ ಎಲ್ಲರಿಗೂ ಸಾರಿಕೊಂಡು ಓಡುವುದು ಪ್ರದರ್ಶನ ಆಗುವುದಿಲ್ಲವೇ? ಹಣ ಕೇಳಲು ನನಗೆ ಬಾಯೇ ಬರುವುದಿಲ್ಲ. ಜೊತೆಗೆ ನನ್ನ ಸ್ನೇಹಿತರಲ್ಲಿ ಬೇರೆ ಧರ್ಮದವರೇ ಹೆಚ್ಚು. ಅವರನ್ನು ಕೇಳುವುದು ಸರಿಯೇ?

ಉತ್ತರ: ಓಡಿ. ಕೇಳಿ. ಬೇರೆ ಧರ್ಮದ ಸ್ನೇಹಿತರನ್ನೂ ಕೇಳಿ. ಇಷ್ಟು ಧೈರ್ಯವಾಗಿ ಯಾಕೆ ಹೇಳುತ್ತಿದ್ದೇನೆ ಅನ್ನುವುದನ್ನು ವಿವರಿಸುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ದಾನಿಗಳ ಜೊತೆ ಕೆಲಸ ಮಾಡಿದ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಓಟದಂಥ ಸವಾಲು ಎಷ್ಟು ದೊಡ್ಡದು ಅನ್ನುವುದರಿಂದ ಹಣ ಬರುವುದಿಲ್ಲ. ಆ ಸವಾಲು ಯಾರ ಕಡೆ ಬೆರಳು ತೋರಿಸುತ್ತದೆ ಅನ್ನುವುದರಿಂದ ಬರುತ್ತದೆ. ನಿಮ್ಮ ಮೂರೂ ಅನುಮಾನಗಳ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಎಡಗೈ ಬಲಗೈ ಮಾತನ್ನು ಮೊದಲು ನೋಡೋಣ. ಬೈಬಲಿನ ಮತ್ತಾಯನ ಪುಸ್ತಕದ ಆರನೇ ಅಧ್ಯಾಯದಲ್ಲಿ ಯೇಸು ಬೈಯುವುದು ತುತ್ತೂರಿ ಊದಿಸಿಕೊಂಡು ದಾನ ಮಾಡುವವರನ್ನು. ಜನ ಹೊಗಳಲಿ ಅಂತ ಕೊಡುವವರಿಗೆ ಆ ಹೊಗಳಿಕೆಯೇ ಸಂಬಳ, ಮುಂದೆ ಏನೂ ಬಾಕಿ ಇಲ್ಲ ಅನ್ನುತ್ತಾರೆ. ಅಲ್ಲಿ ಮಾತು ನಮ್ಮ ಸ್ವಂತ ಕೈಯಿಂದ ಹೋಗುವ ದಾನದ ಬಗ್ಗೆ. ಆದರೆ ನೀವು ಮಾಡಹೊರಟಿರುವುದು ಕೂಡಿಸುವ ಕೆಲಸ. ಗುಟ್ಟಾಗಿ ಕೊಡಬಹುದು, ಗುಟ್ಟಾಗಿ ಕೂಡಿಸಲು ಆಗುವುದಿಲ್ಲ, ಅಲ್ವಾ?

ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲ ಇದನ್ನೇ ಮಾಡಿದ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಒಂದು ಊರಿನ ಕ್ರೈಸ್ತ ಸಭೆಯಿಂದ ಇನ್ನೊಂದು ಸಭೆಗೆ ಹೋಗಿ ಹಣ ಕೂಡಿಸಿದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟು ಮತ್ತು ಒಂಬತ್ತನೇ ಅಧ್ಯಾಯ ಪೂರ್ತಿ ಅದರದ್ದೇ ಮಾತು. ಮಕೆದೋನ್ಯದ ಸಭೆಗಳವರು ತಾವೇ ಕಷ್ಟದಲ್ಲಿದ್ದರೂ ಶಕ್ತಿ ಮೀರಿ ಕೊಟ್ಟರು ಅಂತ ಕೊರಿಂಥದವರಿಗೆ ಹೇಳುತ್ತಾನೆ. ನಿಮ್ಮ ಉತ್ಸಾಹದ ಸುದ್ದಿಯನ್ನು ಮಕೆದೋನ್ಯದವರಿಗೂ ಹೇಳಿಕೊಂಡಿದ್ದೇನೆ, ಅದು ಅವರಲ್ಲಿ ಹಲವರನ್ನು ಎಬ್ಬಿಸಿದೆ ಅಂತಲೂ ಬರೆಯುತ್ತಾನೆ. ಒಬ್ಬರ ಉದಾಹರಣೆಯಿಂದ ಇನ್ನೊಬ್ಬರ ಕೈ ಬಿಚ್ಚುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮುಚ್ಚಿಡಲಿಲ್ಲ. ಅದೇ ಪತ್ರದಲ್ಲಿ, ಯಾರೂ ಒತ್ತಾಯಕ್ಕೆ ಕೊಡಬಾರದು, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟನ್ನು ಸಂತೋಷವಾಗಿ ಕೊಡಲಿ ಅನ್ನುವ ಮಾತೂ ಇದೆ.

ಹಾಗಾಗಿ ನಿಮ್ಮ ಮನಸ್ಸಿಗೆ ಒಪ್ಪುವ ದಾರಿ ಹೀಗಿರಬಹುದು. ನೀವು ಸ್ವಂತವಾಗಿ ಎಷ್ಟು ಕೊಟ್ಟಿರಿ ಅನ್ನುವುದನ್ನು ಯಾರಿಗೂ ಹೇಳಬೇಡಿ. ಕೊಡುವುದನ್ನು ಮಾತ್ರ ಎಲ್ಲರಿಗಿಂತ ಮೊದಲು ಕೊಡಿ. ನೀವೇ ಕೊಡದೆ ಇನ್ನೊಬ್ಬರನ್ನು ಕೇಳಲು ಹೋದರೆ ಮಾತಿನಲ್ಲಿ ಬಲ ಇರುವುದಿಲ್ಲ. ಆಮೇಲೆ ಮಕ್ಕಳ ವಿಷಯವನ್ನು ಎಷ್ಟು ಜೋರಾಗಿ ಬೇಕಾದರೂ ಹೇಳಿ. ನೀವು ಬರೆದ ಸಂದೇಶವನ್ನು ಕಳಿಸುವ ಮೊದಲು ಒಮ್ಮೆ ಓದಿ. ಅದರಲ್ಲಿ 'ನಾನು, ನನ್ನ ಓಟ, ನನ್ನ ಕನಸು' ಎಷ್ಟು ಸಲ ಬಂದಿದೆ, ಮಕ್ಕಳ ವಿಷಯ ಎಷ್ಟು ಬಂದಿದೆ ನೋಡಿ. ನಿಮ್ಮ ಭಯಕ್ಕೆ ಉತ್ತರ ಆ ಕಾಗದದಲ್ಲೇ ಸಿಗುತ್ತದೆ.

ಇಂಥ ಸವಾಲುಗಳ ಹಳೆಯ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯದು. 1886ರಲ್ಲಿ ಅದರ ಸ್ಥಾಪಕ ವಿಲಿಯಂ ಬೂತ್ ಒಂದು ಸಭೆಯಲ್ಲಿ ಹಣಕ್ಕಾಗಿ ಕೇಳಿಕೊಂಡರು. ಅಲ್ಲಿದ್ದ ಜಾನ್ ಕಾರ್ಲ್‌ಟನ್ ಅನ್ನುವ ಅಧಿಕಾರಿಗೆ ಕೊಡಲು ಕೈಯಲ್ಲಿ ಹೆಚ್ಚು ಇರಲಿಲ್ಲ. ಅವರು ಒಂದು ಚೀಟಿ ಬರೆದುಕೊಟ್ಟರು: ಒಂದು ವರ್ಷ ಊಟದಲ್ಲಿ ಪುಡಿಂಗ್ ಅನ್ನುವ ಸಿಹಿ ಬಿಟ್ಟುಬಿಡುತ್ತೇನೆ, ಅದರಿಂದ ಉಳಿಯುವ ಐವತ್ತು ಶಿಲ್ಲಿಂಗ್ ಕೊಡುತ್ತೇನೆ. ಬೂತ್ ಅದನ್ನು ಓದಿ, ಒಬ್ಬರು ವರ್ಷವಿಡೀ ಬಿಡುವುದಕ್ಕಿಂತ ಎಲ್ಲರೂ ಸೇರಿ ಒಂದು ವಾರ ಏನಾದರೂ ಒಂದನ್ನು ಬಿಡೋಣ ಅಂದರು. ಅಲ್ಲಿಂದ ಶುರುವಾದ 'ಸೆಲ್ಫ್ ಡಿನೈಯಲ್' (ತಾನೇ ಏನಾದರೂ ಬಿಡುವುದು) ಅಭಿಯಾನ ಇಂದಿಗೂ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅಲ್ಲಿ ಸಾಹಸ ಅನ್ನುವುದೇನೂ ಇರಲಿಲ್ಲ. ಬೆಟ್ಟ ಹತ್ತಲಿಲ್ಲ, ಓಡಲಿಲ್ಲ. ಒಬ್ಬ ಮನುಷ್ಯ ತನ್ನ ಮಟ್ಟಿಗೆ ನಿಜವಾಗಿ ಕಷ್ಟವಾದದ್ದನ್ನು ಒಪ್ಪಿಕೊಂಡ, ಅಷ್ಟೇ.

ಸವಾಲನ್ನು ಆರಿಸುವಾಗ ಇದನ್ನು ನೆನಪಿಡಿ. ಅದು ನಿಮಗೆ ನಿಜವಾಗಿ ಕಷ್ಟವಾಗಿರಬೇಕು. ದಿನಾ ಓಡುವವನು ಇನ್ನೊಂದು ಓಟ ಓಡಿದರೆ ಜನ 'ಒಳ್ಳೆಯದು' ಅಂದು ಸುಮ್ಮನಾಗುತ್ತಾರೆ. ಎಂದೂ ಓಡದ ನೀವು ಓಡುತ್ತೇನೆ ಅಂದರೆ ಕತ್ತೆತ್ತಿ ನೋಡುತ್ತಾರೆ. ಹಾಗಾಗಿ ಅಭ್ಯಾಸವಿಲ್ಲ ಅನ್ನುವುದು ನಿಮಗೆ ಕೊರತೆಯಲ್ಲ. ಅದೇ ನಿಮ್ಮ ಬಂಡವಾಳ.

ಸವಾಲಿಗೂ ಸೇವೆಗೂ ಒಂದು ನಂಟು ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ವರ್ಲ್ಡ್ ವಿಷನ್ ಅನ್ನುವ ಕ್ರೈಸ್ತ ನೆರವು ಸಂಸ್ಥೆ 1975ರಲ್ಲಿ ಆಸ್ಟ್ರೇಲಿಯಾದಲ್ಲಿ '40 ಅವರ್ ಫ್ಯಾಮಿನ್' ಶುರುಮಾಡಿತು. ಹಸಿದವರಿಗಾಗಿ ನಲವತ್ತು ಗಂಟೆ ಊಟ ಬಿಡುವುದು. ಇದಕ್ಕೆ ಬೇರೆ ವಿವರಣೆಯೇ ಬೇಡ, ಸವಾಲೇ ಸಂದೇಶ ಹೇಳುತ್ತದೆ. ಮೇರಿ ಜೋನ್ಸ್ ಅನ್ನುವ ವೇಲ್ಸ್ ದೇಶದ ಹುಡುಗಿಯ ಕಥೆ ನೀವು ಭಾನುವಾರದ ಶಾಲೆಯಲ್ಲಿ ಕೇಳಿರಬಹುದು. ವರ್ಷಗಟ್ಟಲೆ ಕಾಸು ಕೂಡಿಟ್ಟು, 1800ರಲ್ಲಿ ಸತ್ಯವೇದ, ಅಂದರೆ ಬೈಬಲ್, ಕೊಳ್ಳಲು ಬಾಲಾ ಅನ್ನುವ ಊರಿಗೆ ಸುಮಾರು ನಲವತ್ತು ಕಿಲೋಮೀಟರ್ ನಡೆದುಹೋದವಳು. ಸತ್ಯವೇದ ಹಂಚಲು 1804ರಲ್ಲಿ ಶುರುವಾದ ಬೈಬಲ್ ಸೊಸೈಟಿಯನ್ನು ಜನ ಇಂದಿಗೂ ಅವಳ ಕಥೆಯ ಜೊತೆಗೇ ನೆನೆಯುತ್ತಾರೆ. ಆ ದಾರಿಯಲ್ಲಿ ನಡೆಯುವವರು ಈಗಲೂ ಇದ್ದಾರೆ. ಸತ್ಯವೇದ ಹಂಚುವ ಕೆಲಸಕ್ಕಾಗಿ ಅಂಥ ನಡಿಗೆ ಮಾಡಿದರೆ ಯಾರೂ 'ಯಾಕೆ ನಡೆಯುತ್ತೀರಿ' ಅಂತ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಚರ್ಚ್ ಕಟ್ಟಡಗಳ ದುರಸ್ತಿಗಾಗಿ ಸೆಪ್ಟೆಂಬರಿನ ಒಂದು ಶನಿವಾರ 'ರೈಡ್ ಅಂಡ್ ಸ್ಟ್ರೈಡ್' ನಡೆಯುತ್ತದೆ. ಜನ ಸೈಕಲ್ಲಿನಲ್ಲೋ ನಡೆದೋ ಚರ್ಚಿನಿಂದ ಚರ್ಚಿಗೆ ಹೋಗುತ್ತಾರೆ. ಕಾಪಾಡಬೇಕಾದ ಕಟ್ಟಡಗಳೇ ಅವರ ದಾರಿ.

ನಿಮ್ಮ ಓಟಕ್ಕೂ ಮಕ್ಕಳಿಗೂ ಹಾಗೆ ತಾನಾಗಿ ನಂಟು ಕಾಣುವುದಿಲ್ಲ. ಅದನ್ನು ನೀವು ಕಟ್ಟಬೇಕು. ಹಾಫ್ ಮ್ಯಾರಥಾನ್ ಅಂದರೆ 21 ಕಿಲೋಮೀಟರ್ ಮತ್ತು ಸ್ವಲ್ಪ. ಸಂಸ್ಥೆಯವರ ಹತ್ತಿರ ಕೂತು, ಮಕ್ಕಳಿಗೆ ಒಂದು ವರ್ಷದಲ್ಲಿ ಬೇಕಾಗುವ 21 ವಸ್ತುಗಳ ಪಟ್ಟಿ ಮಾಡಿಸಿಕೊಳ್ಳಿ. ಹೊದಿಕೆ, ಪಠ್ಯಪುಸ್ತಕ, ಕನ್ನಡಕ, ಹಲ್ಲಿನ ಡಾಕ್ಟರ ಭೇಟಿ, ಆಪ್ತಸಲಹೆಗಾರರ ಒಂದು ತಿಂಗಳ ಸಮಯ, ಹೀಗೆ. ಒಂದೊಂದು ಕಿಲೋಮೀಟರನ್ನು ಒಂದೊಂದು ಅಗತ್ಯಕ್ಕೆ ಮೀಸಲಿಡಿ. 'ಏಳನೇ ಕಿಲೋಮೀಟರ್ ಕನ್ನಡಕದ್ದು, ಅದನ್ನು ನೀವು ವಹಿಸಿಕೊಳ್ಳುತ್ತೀರಾ?' ಅಂತ ಕೇಳುವುದಕ್ಕೂ, 'ದಯವಿಟ್ಟು ಸಹಾಯ ಮಾಡಿ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಓಡುವಾಗಲೂ ನಿಮಗೆ ಅದು ಶಕ್ತಿ ಕೊಡುತ್ತದೆ.

ಒಂದು ಎಚ್ಚರಿಕೆ. ಮಕ್ಕಳ ಕಷ್ಟವನ್ನು ನಟಿಸುವ ಸವಾಲು ಬೇಡ. ಒಂದು ರಾತ್ರಿ ರಸ್ತೆಯಲ್ಲಿ ಮಲಗಿ ಫೋಟೋ ಹಾಕುವುದು ಕೆಲವರಿಗೆ ಹೊಳೆಯುತ್ತದೆ. ನಿಜವಾಗಿ ಹಾಗೆ ಮಲಗಿದ ಮಗು ಅದನ್ನು ನೋಡಿದರೆ ಏನನ್ನಿಸಬಹುದು? ಇಂಥದ್ದನ್ನು ಮಾಡುವ ಮುನ್ನ ಆ ಮಕ್ಕಳ ಜೊತೆ ಇರುವ ಸಿಬ್ಬಂದಿಯನ್ನು ಕೇಳಲೇಬೇಕು. ಮಕ್ಕಳ ಮುಖ ಕಾಣುವ ಫೋಟೋ, ಅವರ ನಿಜವಾದ ಹೆಸರು, ಅಳುವ ದೃಶ್ಯ, ಇವು ಯಾವುದೂ ನಿಮ್ಮ ಸಂದೇಶದಲ್ಲಿ ಇರಬಾರದು. ಕರುಣೆ ಹುಟ್ಟಿಸಲು ಒಂದು ಮಗುವಿನ ಮರ್ಯಾದೆಯನ್ನು ಖರ್ಚು ಮಾಡುವ ಹಕ್ಕು ನಮಗಿಲ್ಲ.

ದುಬಾರಿ ಸವಾಲುಗಳ ಬಗ್ಗೆಯೂ ನನ್ನ ಅಭಿಪ್ರಾಯ ಗಟ್ಟಿ. 5,895 ಮೀಟರ್ ಎತ್ತರದ ಕಿಲಿಮಂಜಾರೋ ಹತ್ತುತ್ತೇನೆ ಅಂತ ಹೇಳಿ, ವಿಮಾನದ ಟಿಕೆಟ್ಟನ್ನೂ ಗೈಡಿನ ಶುಲ್ಕವನ್ನೂ ದೇಣಿಗೆಯಿಂದಲೇ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಪ್ರಯಾಣ ನಿಮ್ಮ ಖರ್ಚು, ದೇಣಿಗೆ ಮಕ್ಕಳದ್ದು. ಇದನ್ನು ಮೊದಲ ಸಂದೇಶದಲ್ಲೇ ಒಂದು ಸಾಲಿನಲ್ಲಿ ಬರೆದುಬಿಡಿ: 'ನೋಂದಣಿ ಶುಲ್ಕ, ಶೂ ಎಲ್ಲ ನನ್ನ ಖರ್ಚು, ನೀವು ಕೊಟ್ಟದ್ದು ಪೂರ್ತಿ ಸಂಸ್ಥೆಗೆ.' ಈ ಒಂದು ಸಾಲಿನಿಂದ ಹುಟ್ಟುವ ನಂಬಿಕೆ ದೊಡ್ಡದು. ದೊಡ್ಡ ಓಟಗಳಲ್ಲಿ ಇನ್ನೊಂದು ಪದ್ಧತಿಯಿದೆ. ಲಂಡನ್ ಮ್ಯಾರಥಾನಿನಂಥ ಓಟಗಳಲ್ಲಿ ಸೇವಾ ಸಂಸ್ಥೆಗಳು ದುಡ್ಡು ಕೊಟ್ಟು ಜಾಗ ಕಾದಿರಿಸಿ ಓಟಗಾರರಿಗೆ ಕೊಡುತ್ತವೆ. ಬದಲಿಗೆ ಇಂತಿಷ್ಟು ಹಣ ಕೂಡಿಸಲೇಬೇಕು ಅಂತ ಕರಾರು. ಮೊದಲ ಸಲಕ್ಕೆ ಆ ಒತ್ತಡ ನಿಮಗೆ ಬೇಡ.

ಅಭ್ಯಾಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೊಸಬರು ಮೂರು ನಾಲ್ಕು ತಿಂಗಳು ಇಟ್ಟುಕೊಳ್ಳಬೇಕು. ಮೊದಲು ಡಾಕ್ಟರಿಗೆ ತೋರಿಸಿ. ಸ್ವಲ್ಪ ನಡಿಗೆ, ಸ್ವಲ್ಪ ಓಟ ಅಂತ ಶುರುಮಾಡಿ. ವಾರದ ಒಟ್ಟು ದೂರವನ್ನು ಒಮ್ಮೆಲೇ ಏರಿಸಬೇಡಿ. ಹಿಂದಿನ ವಾರಕ್ಕಿಂತ ಹತ್ತನೇ ಒಂದು ಭಾಗದಷ್ಟು ಹೆಚ್ಚಿದರೆ ಸಾಕು ಅಂತ ಓಟಗಾರರು ಲೆಕ್ಕ ಇಡುತ್ತಾರೆ. ಓಟದ ಬದಲು ಉಪವಾಸ ಆರಿಸುವ ಮನಸ್ಸಾದರೆ ಇನ್ನೂ ಜಾಗ್ರತೆ ಬೇಕು. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಬಾಣಂತಿಯರು, ದಿನಾ ಔಷಧಿ ತೆಗೆದುಕೊಳ್ಳುವವರು ಊಟ ಬಿಡುವ ಸವಾಲಿಗೆ ಹೋಗಬಾರದು. ಅಂಥವರು ಫೋನನ್ನೋ ಟೀವಿಯನ್ನೋ ಬಿಡಬಹುದು, ಅದಕ್ಕೂ ಜನ ಕೊಡುತ್ತಾರೆ.

'ಮುಗಿಸಲು ಆಗದಿದ್ದರೆ?' ಅನ್ನುವ ಭಯ ನಿಮಗೂ ಇರಬಹುದು. ಕೆನಡಾದ ಟೆರ್ರಿ ಫಾಕ್ಸ್ ಅವರನ್ನು ನೆನೆಯಿರಿ. ಅವರದ್ದು ಕ್ರೈಸ್ತ ಸಂಸ್ಥೆಗಾಗಿ ಓಡಿದ ಓಟ ಅಲ್ಲ, ಕ್ಯಾನ್ಸರ್ ಸಂಶೋಧನೆಗಾಗಿ. ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಅವರು 1980ರಲ್ಲಿ ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟರು. ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್ ಬರಲಿ ಅನ್ನುವುದು ಆಸೆ. 143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾಯಿತು. ಓಟ ಮುಗಿಯಲಿಲ್ಲ. ಆದರೆ 1981ರ ಫೆಬ್ರುವರಿ ಹೊತ್ತಿಗೆ ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತ್ತು, ಅವರು ಬಯಸಿದಂತೆ ತಲೆಗೊಂದು ಡಾಲರ್. ಜನ ಗೆಲುವಿಗೆ ಕೊಡಲಿಲ್ಲ. ನೀವೂ ಮೊದಲೇ ಹೇಳಿಬಿಡಿ: ನಾನು ಎಲ್ಲೇ ನಿಂತರೂ ದೇಣಿಗೆ ಸಂಸ್ಥೆಗೇ ಹೋಗುತ್ತದೆ. ಹಾಗಾಗಿ 'ಪ್ರತಿ ಕಿಲೋಮೀಟರಿಗೆ ಇಷ್ಟು' ಅಂತ ಕೇಳುವುದಕ್ಕಿಂತ ಒಂದೇ ಮೊತ್ತವನ್ನು ಮೊದಲೇ ಕೇಳುವುದು ಸರಳ. ಓಟದ ನಂತರ ವಸೂಲಿಗೆ ಓಡಾಡುವ ಕಷ್ಟವೂ ತಪ್ಪುತ್ತದೆ.

ಈಗ ಕೇಳುವ ವಿಷಯ. ನಿಜವಾದ ಸವಾಲು ಇದೇ, ಓಟ ಅಲ್ಲ. ಬೈಬಲಿನ ನೆಹೆಮೀಯನನ್ನು ನೋಡಿ. ಅವನು ಅರಸನಿಗೆ ಪಾನ ಕೊಡುವ ಸೇವಕ. ಯೆರೂಸಲೇಮಿನ ಗೋಡೆ ಕಟ್ಟಬೇಕು ಅಂತ ಅರಸನ ಮುಂದೆ ಬಾಯಿ ಬಿಡುವಾಗ ಅವನಿಗೂ ಬಹಳ ಭಯವಾಯಿತು ಅಂತ ಬರೆದಿದೆ. ಆದರೂ ಕೇಳಿದ. ಹೇಗೆ ಕೇಳಿದ ಅನ್ನುವುದು ಮುಖ್ಯ. ಮನಸ್ಸಿನಲ್ಲಿ ಪ್ರಾರ್ಥಿಸಿದ, ಎಷ್ಟು ಕಾಲ ಬೇಕು ಹೇಳಿದ, ದಾರಿಯ ಅಧಿಕಾರಿಗಳಿಗೆ ಪತ್ರ ಬೇಕು ಅಂದ, ಬಾಗಿಲುಗಳಿಗೆ ಮರ ಕೊಡುವಂತೆ ಅರಸನ ವನಪಾಲಕನಿಗೆ ಒಂದು ಪತ್ರ ಬೇಕು ಅಂದ. ಎಲ್ಲ ಖಚಿತ. ಸುಮ್ನೆ 'ಏನಾದರೂ ಮಾಡಿ' ಅನ್ನಲಿಲ್ಲ.

ನೀವೂ ಹಾಗೇ ಕೇಳಿ. ನೂರು ಜನರ ಗುಂಪಿಗೆ ಒಂದೇ ಸಂದೇಶ ಎಸೆಯಬೇಡಿ. ಎಲ್ಲರಿಗೂ ಬಂದದ್ದು ಯಾರಿಗೂ ಬಂದ ಹಾಗಲ್ಲ. ಒಬ್ಬೊಬ್ಬರಿಗೆ ಹೆಸರು ಹಿಡಿದು ಬರೆಯಿರಿ. ಮೊದಲು ನಿಮಗೆ ತೀರ ಹತ್ತಿರದ ಐದಾರು ಜನ. ಅವರು ಕೊಟ್ಟ ಮೊತ್ತ ನೋಡಿ ಮುಂದಿನವರು ತಮ್ಮದನ್ನು ಅಂದಾಜು ಮಾಡುತ್ತಾರೆ, ಹಾಗಾಗಿ ಶುರು ಒಳ್ಳೆಯದಿರಬೇಕು. ಸಂದೇಶ ಉದ್ದ ಬೇಡ. ಹೀಗಿದ್ದರೆ ಸಾಕು:

'ನಾನು ಎಂದೂ ಓಡಿದವಳಲ್ಲ, ಗೊತ್ತಲ್ಲ. ಮುಂದಿನ ತಿಂಗಳು 21 ಕಿಲೋಮೀಟರ್ ಓಡುತ್ತಿದ್ದೇನೆ. ಆಸರೆ ಇಲ್ಲದ ಮಕ್ಕಳನ್ನು ಸಾಕುವ ಒಂದು ಮನೆಗಾಗಿ. ಅವರಿಗೆ ಈ ವರ್ಷ ಬೇಕಾದ 21 ವಸ್ತುಗಳ ಪಟ್ಟಿ ಕಳಿಸಿದ್ದೇನೆ. ಅದರಲ್ಲಿ ಒಂದನ್ನು ನೀನು ವಹಿಸಿಕೊಳ್ಳುತ್ತೀಯಾ? ಆಗದಿದ್ದರೆ ಸ್ವಲ್ಪವೂ ಬೇಜಾರಿಲ್ಲ.'

ಆ ಕೊನೆಯ ಸಾಲು ಮನಸಾರೆ ಬರೆದದ್ದಾಗಿರಲಿ. ಕೊಡದವರ ಜೊತೆ ಮರುದಿನವೂ ಮೊದಲಿನಂತೆಯೇ ಇರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಬೇಡಿ, ಅವರಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಉತ್ತರ ಬಾರದವರಿಗೆ ಓಟದ ಹಿಂದಿನ ವಾರ ಒಮ್ಮೆ ನೆನಪಿಸಿ. ಬಹಳ ಜನ ಕೊಡಬೇಕು ಅಂದುಕೊಂಡೇ ಮರೆತಿರುತ್ತಾರೆ. ಅದರ ಮೇಲೆ ಬೇಡ. ಓಟ ಮುಗಿದ ಸಂಜೆ ಒಂದು ಸುದ್ದಿ ಹಾಕಿ, ಆಗಲೂ ಕೆಲವರು ಕೊಡುತ್ತಾರೆ.

ನಿಮ್ಮ ಸಭೆಯಲ್ಲಿ ಕೇಳುವುದಾದರೆ ಮೊದಲು ಪಾಸ್ಟರ್ ಅಥವಾ ಫಾದರ್ ಒಪ್ಪಿಗೆ ಪಡೆಯಿರಿ. ಯಾರೂ ತಮ್ಮ ದಶಮಾಂಶದಿಂದಲೋ (ಸಭೆಗೆ ಕೊಡುವ ಆದಾಯದ ಹತ್ತನೇ ಒಂದು ಭಾಗ) ವಾರದ ಕಾಣಿಕೆಯಿಂದಲೋ ಕಿತ್ತು ನಿಮಗೆ ಕೊಡಬಾರದು, ಅದನ್ನು ನೀವೇ ಬಾಯಿಬಿಟ್ಟು ಹೇಳಿ. ಸಭೆಯ ಮನಸ್ಸು ಅದರಿಂದ ನಿಮ್ಮ ಕಡೆ ಬರುತ್ತದೆ.

ಇನ್ನು ಬೇರೆ ಧರ್ಮದ ಸ್ನೇಹಿತರು. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗಾಗಿ ತನ್ನ ಕೈಯಿಂದ ಎರಡು ದಿನಾರಿ ನಾಣ್ಯ ಕೊಟ್ಟವನು ಯಾರು? ಕೇಳುತ್ತಿದ್ದವರ ಧರ್ಮದವನಲ್ಲ. ಯೇಸು ಬೇಕೆಂದೇ ಅವನನ್ನು ಆರಿಸಿದರು. ಹಾಗಿರುವಾಗ ನಿಮ್ಮ ಸ್ನೇಹಿತರನ್ನು ಕೇಳದೆ ಬಿಡುವುದು ಅವರಿಗೆ ಒಂದು ಒಳ್ಳೆಯ ಕೆಲಸದ ಪಾಲು ತಪ್ಪಿಸಿದ ಹಾಗೆ. ಆದರೆ ಅವರ ಜೊತೆ ಪೂರ್ತಿ ಪ್ರಾಮಾಣಿಕವಾಗಿರಬೇಕು. 'ಇದು ಕ್ರೈಸ್ತ ಸಂಸ್ಥೆ' ಅನ್ನುವುದನ್ನು ಮರೆಮಾಚಬೇಡಿ. ಅವರು ಕೇಳುವ ಮೊದಲೇ ನೀವು ಸಂಸ್ಥೆಯನ್ನು ಕೇಳಿ ತಿಳಿದುಕೊಳ್ಳಿ: ಯಾವ ಧರ್ಮದ ಮಗುವನ್ನಾದರೂ ಸೇರಿಸಿಕೊಳ್ಳುತ್ತೀರಾ? ಪ್ರಾರ್ಥನೆಗೆ ಬರಲೇಬೇಕು ಅನ್ನುವ ನಿಯಮ ಇದೆಯೇ? ಈ ಹಣ ಯಾವ ಖಾತೆಗೆ ಹೋಗುತ್ತದೆ, ಮಕ್ಕಳ ಆರೈಕೆಗೋ ಸುವಾರ್ತೆಯ, ಅಂದರೆ ಯೇಸುವಿನ ಸಂದೇಶ ಸಾರುವ, ಕೆಲಸಕ್ಕೋ?

ವಿಪತ್ತಿನ ಪರಿಹಾರದ ಕೆಲಸದಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. 1994ರಲ್ಲಿ ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಸೇರಿ ಒಂದು ನಡವಳಿಕೆ ಸಂಹಿತೆ ಹೊರತಂದವು. ಜನಾಂಗ, ಧರ್ಮ, ದೇಶ ನೋಡದೆ ಅಗತ್ಯ ನೋಡಿ ನೆರವು ಕೊಡಬೇಕು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವಿಗೆ ಸಾಧನ ಮಾಡಬಾರದು ಅನ್ನುತ್ತದೆ ಅದು. ಅದರ ಹಿಂದೆ ನಿಂತವರಲ್ಲಿ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಕೂಡ ಇದ್ದವು. ಸುವಾರ್ತೆಯ ಕೆಲಸಕ್ಕೆ ಹಣ ಕೂಡಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕೇಳುವಾಗ ಅದಕ್ಕೇ ಅಂತ ಹೇಳಿ ಕೇಳಬೇಕು. ಮಕ್ಕಳ ಹೊದಿಕೆಗೆ ಅಂತ ಕೊಟ್ಟದ್ದು ಹೊದಿಕೆಗೇ ಹೋಗಬೇಕು. ನಂಬಿ ಕೊಟ್ಟ ಸ್ನೇಹಿತನಿಗೆ ಆಮೇಲೆ ಬೇರೆ ಸುದ್ದಿ ತಿಳಿದರೆ, ಕ್ರೈಸ್ತರಾಗಿ ನಿಮ್ಮ ಬದುಕು ಹೇಳುವ ಸಾಕ್ಷಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಕೊನೆಗೆ ಲೆಕ್ಕ. ಅಭಿಯಾನ ಶುರುಮಾಡುವ ಮೊದಲು ಸಂಸ್ಥೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಅವರ ಹೆಸರು ಮತ್ತು ಲೋಗೋ ಬಳಸಲು ಅದು ಬೇಕು. ಹಣ ನಿಮ್ಮ ಖಾತೆಗೆ ಬರುವುದೇ ಬೇಡ, ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ. ಆನ್‌ಲೈನ್ ವೇದಿಕೆ ಬಳಸಿದರೆ ಅದು ಎಷ್ಟು ಶುಲ್ಕ ಹಿಡಿಯುತ್ತದೆ ನೋಡಿಕೊಂಡು ದಾನಿಗಳಿಗೂ ತಿಳಿಸಿ. ತೆರಿಗೆಯ ಅನುಕೂಲ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು 'ಗಿಫ್ಟ್ ಏಡ್' ಅಂತ ಗುರುತು ಹಾಕಿದರೆ, ಅವರು ಕೊಟ್ಟ ಪ್ರತಿ ಪೌಂಡಿಗೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯಬಹುದು. ವಿದೇಶದ ಹಣ ಪಡೆಯಲು ಸಂಸ್ಥೆಗೆ ಬೇರೆ ಅನುಮತಿ ಬೇಕಾಗುವ ದೇಶಗಳೂ ಇವೆ, ಹೊರದೇಶದ ನೆಂಟರನ್ನು ಕೇಳುವ ಮುಂಚೆ ಇದನ್ನು ವಿಚಾರಿಸಿ. ಗುರಿಗಿಂತ ಜಾಸ್ತಿ ಬಂದರೆ ಏನು ಮಾಡುತ್ತಾರೆ ಅನ್ನುವುದನ್ನೂ ಮೊದಲೇ ಬರೆದಿಡಿ.

ಯಾರಾದರೂ ನಗದನ್ನೇ ಕೈಗೆ ಕೊಟ್ಟರೆ ಒಬ್ಬರೇ ಎಣಿಸಬೇಡಿ. ಪೌಲನೂ ಆ ಕಾಣಿಕೆಯನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. ನೀವೂ ಸಭೆಯಲ್ಲಿ ಲೆಕ್ಕಕ್ಕೆ ಖಡಕ್ಕಾದ ಒಬ್ಬರನ್ನು ಇವತ್ತೇ ಕೇಳಿಡಿ. ಓಟವಾಗಿ ಒಂದು ತಿಂಗಳೊಳಗೆ, ಎಷ್ಟು ಬಂತು, ಪಟ್ಟಿಯ 21ರಲ್ಲಿ ಯಾವುದೆಲ್ಲ ಕೊಂಡಾಯಿತು, ಯಾವುದು ಬಾಕಿ ಅನ್ನುವುದನ್ನು ಅವರ ಸಹಿಯೊಂದಿಗೆ ಪ್ರತಿ ದಾನಿಗೂ ಕಳಿಸಿ. ಹತ್ತು ರೂಪಾಯಿ ಕೊಟ್ಟವರಿಗೂ ಕಳಿಸಿ.